ಗಿಡಮರಗಳ ಭೂಗೋಳವನ್ನು ಬರೆದ ಹಂಬೋಲ್ಟನು

ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಒಂದಲ್ಲ ಒಂದು ದಿನ ಭೂಗೋಳದ ತರಗತಿಯಲ್ಲಿ ಪ್ರಪಂಚದ ನಕ್ಷೆಯ ಮೇಲೆ ಸಮೋಷ್ಣ ರೇಖೆಗಳನ್ನು ಎಳೆದಿರುವರು. ಒಂದೇ ಪ್ರಮಾಣದ ಉಷ್ಣವುಳ್ಳ ಸ್ಥಳಗಳನ್ನು ಕೂಡಿಸುವ ಆ ಗೆರೆಗಳು ಅಕ್ಷಾಂಶದ ಗೆರೆಗಳಂತೆ ನೆಟ್ಟಗಿರದೆ, ಒಂದೆಡೆ ಮೇಲಕ್ಕೇರುತ್ತಲೂ ಇನ್ನೊಂದೆಡೆ ಕೆಳಕ್ಕಿಳಿಯುತ್ತಲೂ ಹೋಗುವುದನ್ನು ಕಂಡು ಬೇಸತ್ತು ಸೀಸದಕಡ್ಡಿಯನ್ನು ಕೆಳಗಿಟ್ಟವರೂ ಉಂಟು. ಆ ಗೆರೆಗಳನ್ನು 1817ನೆಯ ಇಸವಿಯಲ್ಲಿ ಮೊತ್ತಮೊದಲು ಎಳೆದು ತೋರಿಸಿದವನು ಅಲೆಕ್ಸಾಂಡರ್ ಫಾನ್ ಹಂಬೋಲ್ಟನೆಂಬ ಜರ್ಮನ್ ಪಂಡಿತನು. ಒಂದು ದೇಶದಲ್ಲಿ ದಟ್ಟವಾದ ಕಾಡು, ಮತ್ತೊಂದರಲ್ಲಿ ಬರಿಯ ಹುಲ್ಲು, ಇನ್ನೊಂದರಲ್ಲಿ ಅದೂ ಇಲ್ಲದ ಮರಳು ಏಕಿರುವುದೆಂಬ ಪ್ರಶ್ನೆಗೆ, ಉಷ್ಣಮಾಪಕವನ್ನು ಕೈಯಲ್ಲಿ ಹಿಡಿದು ದೇಶದೇಶಗಳನ್ನು ಸುತ್ತಿ ಉತ್ತರವನ್ನು ಹುಡುಕಿದವರಲ್ಲಿ ಈತನು ಅಗ್ರಗಣ್ಯನು. ಈತನ ವೃತ್ತಾಂತವನ್ನು ತಿಳಿದರೆ ಆ ಗೆರೆಗಳ ಮೇಲಿನ ಬೇಸರವು ಸ್ವಲ್ಪ ತಗ್ಗೀತೆಂದು ನಂಬಿ ಇದನ್ನು ಬರೆಯಲಾಗಿದೆ.

ಹಂಬೋಲ್ಟನು 1769ನೆಯ ಸೆಪ್ಟೆಂಬರ್ 14ರಲ್ಲಿ ಬರ್ಲಿನ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಪ್ರಷ್ಯಾದ ಸೈನ್ಯಾಧಿಕಾರಿಯಾಗಿದ್ದನು. ಮಗನಿಗೆ 9 ವರ್ಷ ಪ್ರಾಯವಾಗಿದ್ದಾಗಲೇ ತೀರಿಕೊಂಡನು. ತಾಯಿಯು ಐಶ್ವರ್ಯವಂತಳು, ಶಿಸ್ತಿನವಳು. ಅಲೆಕ್ಸಾಂಡರನನ್ನೂ ಅವನ ಅಣ್ಣ ವಿಲ್‌ಹೆಲ್ಮನನ್ನೂ ಮನೆಯಲ್ಲಿಯೇ ಉಪಾಧ್ಯಾಯರಿಂದ ಓದಿಸಿದಳು. ಅಣ್ಣನು ಪಾಠದಲ್ಲಿ ಚುರುಕು. ತಮ್ಮನಾದರೋ ಟೇಗಲ್ ಎಂಬಲ್ಲಿದ್ದ ತಮ್ಮ ಹಳ್ಳಿಮನೆಯ ಸುತ್ತಣ ತೋಪುಗಳಲ್ಲಿ ಗಿಡಗಳನ್ನೂ ಹುಳುಗಳನ್ನೂ ಕಲ್ಲುಗಳನ್ನೂ ಆರಿಸಿ ಜೇಬಿನಲ್ಲಿ ತುಂಬಿಕೊಂಡು ಬರುತ್ತಿದ್ದುದರಿಂದ ಮನೆಯವರು ಅವನನ್ನು ಪುಟ್ಟ ಔಷಧದಂಗಡಿಯವನೆಂದು ಹಾಸ್ಯಮಾಡುತ್ತಿದ್ದರು. ಮಗನು ಸರಕಾರದ ಉದ್ಯೋಗಸ್ಥನಾಗಬೇಕೆಂಬುದು ತಾಯಿಯ ಸಂಕಲ್ಪ. ದೂರದೇಶಗಳನ್ನು ನೋಡಬೇಕೆಂಬುದು ಮಗನ ಹಂಬಲ. ಆಕೆ ಬದುಕಿರುವವರೆಗೂ ಆತನು ಆಕೆಯ ಮಾತನ್ನು ಮೀರಲಿಲ್ಲ.

ಆದಕಾರಣ ಆತನು ಗಣಿಗಳ ವಿದ್ಯೆಯನ್ನು ಕಲಿತು 1792ರಲ್ಲಿ ಪ್ರಷ್ಯಾದ ಗಣಿ ಇಲಾಖೆಗೆ ಸೇರಿದನು. ಅಲ್ಲಿಯೂ ಸುಮ್ಮನಿರಲಿಲ್ಲ. ನೆಲದೊಳಗಣ ಕತ್ತಲೆಯಲ್ಲಿ ಗಣಿಯ ಮರದ ಆಸರೆಗಳ ಮೇಲೆ ಬೆಳೆಯುವ ಬೂಷ್ಟು, ಅಣಬೆ, ಹಾವಸೆಗಳನ್ನು ಪರೀಕ್ಷಿಸಿ 1793ರಲ್ಲಿ ಅವುಗಳ ವಿಷಯವಾಗಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಗಣಿಯ ಕೂಲಿಯವರ ಮಕ್ಕಳು ಅಕ್ಷರವರಿಯದಿರುವುದನ್ನು ಕಂಡು, ಮೇಲಧಿಕಾರಿಗಳ ಅಪ್ಪಣೆಗೂ ಕಾಯದೆ ತನ್ನ ಸ್ವಂತ ಹಣದಿಂದ ಸ್ಟೇಬನ್ ಎಂಬ ಊರಿನಲ್ಲಿ ಒಂದು ಶಾಲೆಯನ್ನು ತೆರೆದನು. 1796ರಲ್ಲಿ ತಾಯಿ ತೀರಿಕೊಂಡಳು. ಪಿತ್ರಾರ್ಜಿತವಾದ ದೊಡ್ಡ ಆಸ್ತಿಯು ಕೈಸೇರಿತು. ಆತನು ಉದ್ಯೋಗವನ್ನು ಬಿಟ್ಟು, ವಾಯುಭಾರಮಾಪಕ, ಉಷ್ಣಮಾಪಕ, ದೂರದರ್ಶಕ ಮೊದಲಾದ ಯಂತ್ರಗಳನ್ನು ಕೊಂಡು ಪ್ರಯಾಣಕ್ಕೆ ಸಿದ್ಧನಾದನು. ಪ್ಯಾರಿಸಿನಲ್ಲಿ ಏಮೆ ಬೋಂಪ್ಲಾನ್ ಎಂಬ ಫ್ರೆಂಚ್ ವೈದ್ಯನು ಆತನ ಜತೆಗಾರನಾದನು. ಗಿಡಗಳ ವಿಷಯದಲ್ಲಿ ಬೋಂಪ್ಲಾನನ ಕಣ್ಣು ಹಂಬೋಲ್ಟನದಕ್ಕಿಂತ ಸೂಕ್ಷ್ಮವಾಗಿತ್ತು. ಸ್ಪೇನಿನ ಅರಸನಿಂದ ಅಪ್ಪಣೆಯ ಪತ್ರವು ದೊರೆಯಲು, ಇಬ್ಬರೂ 1799ನೆಯ ಜೂನ್ 5ರಲ್ಲಿ ದಕ್ಷಿಣ ಅಮೇರಿಕಾಕ್ಕೆ ಹಡಗನ್ನೇರಿದರು.

ದಾರಿಯಲ್ಲಿ ಹಡಗು ಟೆನೆರಿಫ್ ದ್ವೀಪದಲ್ಲಿ ನಿಂತಿತು. ಅಲ್ಲಿಯ ಅಗ್ನಿಪರ್ವತವನ್ನು ಏರುವಾಗ ಆತನು ಒಂದು ವಿಶೇಷವನ್ನು ಕಂಡನು. ತಪ್ಪಲಿನಲ್ಲಿ ದ್ರಾಕ್ಷೆಯ ತೋಟಗಳು. ಅದರ ಮೇಲೆ ಎಲೆಯುದುರದ ಮರಗಳ ತಂಪು ಕಾಡು. ಅದಕ್ಕೂ ಮೇಲೆ ಸೂಜಿಯೆಲೆಯ ಪೈನ್ ಮರಗಳು. ಆಮೇಲೆ ಕುರುಚಲು ಪೊದೆ. ಕಡೆಗೆ ಅಲ್ಲಲ್ಲಿ ಹುಲ್ಲು. ಒಂದೇ ಬೆಟ್ಟಕ್ಕೆ ಐದು ಪಟ್ಟಿಗಳ ಸೀರೆಯನ್ನುಡಿಸಿದಂತಿತ್ತು. ಎತ್ತರವು 1000 ಅಡಿ ಹೆಚ್ಚಿದಂತೆಲ್ಲಾ ಗಾಳಿಯ ಉಷ್ಣವು ಸುಮಾರಾಗಿ 2 ಸೆಂಟಿಗ್ರೇಡ್ ಡಿಗ್ರಿಗಳಷ್ಟು ತಗ್ಗುತ್ತದೆ. ಗಿಡಗಳು ಆ ಲೆಕ್ಕವನ್ನು ಅರಿತಂತೆ ಒಂದೊಂದು ಮಟ್ಟದಲ್ಲಿ ನಿಂತುಬಿಡುತ್ತವೆ. ಬೆಟ್ಟದ ಮೇಲೆ ಗಿಡಗಳು ಬದಲಾಗುವುದನ್ನು ಆತನಿಗಿಂತ ಮೊದಲು ಕಂಡವರು ಇಲ್ಲದಿರಲಿಲ್ಲ. ಆದರೆ ಪ್ರತಿಯೊಂದು ಗಿಡದ ಹೆಸರಿನ ಪಕ್ಕದಲ್ಲಿ ಅದು ದೊರೆತ ಎತ್ತರವನ್ನೂ ಅಲ್ಲಿಯ ಉಷ್ಣಮಾನವನ್ನೂ ಗುರುತುಹಾಕಬೇಕೆಂಬ ಹಟವು ಆತನದು.

ಉಷ್ಣವೊಂದೇ ಸಾಲದೆಂಬುದನ್ನು ಆತನಿಗೆ ಕಲಿಸಿದ್ದು ವೆನೆಝುವೆಲಾ ದೇಶದ ಬಯಲು. 1800ನೆಯ ಮಾರ್ಚ್ ತಿಂಗಳಲ್ಲಿ ಇಬ್ಬರೂ ಕುದುರೆಯ ಮೇಲೆ ಆ ಸಮತಲ ಪ್ರದೇಶವನ್ನು ದಾಟಿದರು. ಬೇಸಗೆಯ ಕೊನೆ, ಎಲ್ಲಿ ನೋಡಿದರೂ ಬಿರುಕುಬಿಟ್ಟ ನೆಲ, ಪುಡಿಯಾದ ಹುಲ್ಲು, ಧೂಳು, ನೀರಿದ್ದೆಡೆಯಲ್ಲಿ ಮಾತ್ರ ತಾಳೆಯ ಜಾತಿಯ ಮರಗಳ ಗುಂಪು. ಅದೇ ಬಯಲು ಮಳೆಗಾಲದಲ್ಲಿ ಕೆಲವೇ ದಿನಗಳೊಳಗೆ ಹಸುರಾಗಿ, ಆಮೇಲೆ ನದಿಗಳು ತುಂಬಿ ಹರಿದಾಗ ದೋಣಿಯಲ್ಲಿ ದಾಟುವಂಥ ಸಮುದ್ರವಾಗುತ್ತದೆ. ಅಲ್ಲಿಂದ ಮುಂದೆ ಅವರು ಒರಿನೋಕೋ ನದಿಯ ಮೇಲೆ 75 ದಿನಗಳು ದೋಣಿಯಲ್ಲಿ ಸಾಗಿದರು. ಅಲ್ಲಿಯದು ಬೇರೆಯೇ ಲೋಕ. ಸೂರ್ಯನನ್ನು ಮರೆಸುವ ಮರಗಳು, ಮರದ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಇನ್ನೊಂದು ಗಿಡ. ಗಾಳಿಯಲ್ಲಿ ತೇವವು ಎಷ್ಟಿತ್ತೆಂದರೆ, ಒಣಗಿಸಲಿಟ್ಟ ಗಿಡಗಳಲ್ಲಿ ಅನೇಕವು ಕಾಗದದ ನಡುವೆಯೇ ಕೊಳೆತುಹೋದವು. ಉಳಿದವನ್ನು ಹುಳುಗಳು ತಿಂದವು. ಬಯಲಿನ ಬಿಸಿಲಿಗೂ ಈ ಕಾಡಿನ ಸೆಕೆಗೂ ವರುಷದ ಉಷ್ಣಮಾನದಲ್ಲಿ ಹೆಚ್ಚು ಅಂತರವಿಲ್ಲ. ಮಳೆಯು ಒಂದೆಡೆ ವರುಷದಲ್ಲಿ ಕೆಲವು ತಿಂಗಳು ಮಾತ್ರ ಸುರಿದು ನಿಲ್ಲುತ್ತದೆ, ಇನ್ನೊಂದೆಡೆ ನಿಲ್ಲುವುದೇ ಅಪರೂಪ. ಹುಲ್ಲು ಹಲವು ತಿಂಗಳ ಬಾಯಾರಿಕೆಯನ್ನು ಬೇರಿನಲ್ಲಿ ಸಹಿಸಿಕೊಂಡೀತು. ದೊಡ್ಡೆಲೆಯ ಕಾಡುಮರವು ಸಹಿಸಲಾರದು.

ಈ ಪ್ರಯಾಣಕ್ಕೆ ಹೊರಡುವ ಮುಂಚೆ ನಡೆದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ವಲೆನ್ಸಿಯಾ ಎಂಬ ಸರೋವರದ ದಡದ ರೈತರು, ತಮ್ಮ ಸರೋವರದ ನೀರು ವರುಷವರುಷಕ್ಕೂ ಇಳಿಯುತ್ತಿರುವುದೇಕೆಂದು ತಿಳಿಯದೆ ಭಯಪಟ್ಟಿದ್ದರು. ನೆಲದಡಿಯಲ್ಲಿ ಎಲ್ಲಿಯೋ ಬಿಲವಿರಬೇಕೆಂದು ಕೆಲವರ ಊಹೆ. ಹಂಬೋಲ್ಟನು ಸುತ್ತಣ ಗುಡ್ಡಗಳನ್ನು ನೋಡಿದನು. ನೀಲಿ ಮೊದಲಾದ ಬೆಳೆಗಳಿಗೋಸ್ಕರ ಕಾಡನ್ನು ಕಡಿದಿದ್ದರು. ಸರೋವರಕ್ಕೆ ಬರಬೇಕಾದ ಹೊಳೆಗಳನ್ನು ಹೊಲಗಳಿಗೆ ತಿರುಗಿಸಿದ್ದರು. ಮರವಿಲ್ಲದ ಗುಡ್ಡದಿಂದ ಮಳೆಯ ನೀರು ಮಣ್ಣನ್ನೂ ಕೊಚ್ಚಿಕೊಂಡು ಒಮ್ಮೆಗೇ ಓಡಿಹೋಗುತ್ತಿತ್ತು, ಆಮೇಲೆ ಊಟೆಗಳು ಬತ್ತುತ್ತಿದ್ದವು. ಮಳೆಯು ಕಾಡನ್ನು ಬೆಳೆಸುವಂತೆಯೇ ಕಾಡೂ ನೀರನ್ನು ಕಾಯುವುದೆಂದು ಆತನು ಅಲ್ಲಿ ಬರೆದುಕೊಂಡನು. ಸುಮಾರು 20 ವರ್ಷಗಳ ತರುವಾಯ ಬೂಸ್ಸೆಂಗೋ ಎಂಬ ಫ್ರೆಂಚ್ ಶಾಸ್ತ್ರಜ್ಞನು ಅಲ್ಲಿಗೆ ಹೋದಾಗ ನೀರು ಮತ್ತೆ ಏರಿತ್ತು. ನಡುವೆ ಸ್ವಾತಂತ್ರ್ಯಯುದ್ಧವು ನಡೆದು, ತೋಟಗಳು ಪಾಳುಬಿದ್ದು, ಕಾಡು ಮರಳಿ ಬೆಳೆದಿತ್ತು. ಹಂಬೋಲ್ಟನ ಊಹೆಗೆ ಇಂಥ ಸಾಕ್ಷಿಯು ದೊರೆತೀತೆಂದು ಯಾರೂ ಎಣಿಸಿರಲಾರರು. ಈ ಮಾತು ನಮ್ಮ ನಾಡಿಗೂ ಬಂದಿತು. ಶಿವಮೊಗ್ಗೆಯಲ್ಲಿ ವೈದ್ಯನಾಗಿದ್ದು ಮಲೆನಾಡಿನ ಕಾಡುಗಳನ್ನು ಕಂಡಿದ್ದ ಹ್ಯೂ ಕ್ಲೆಗ್‌ಹಾರ್ನನು, ಉಷ್ಣದೇಶಗಳ ಕಾಡು ನಾಶವಾಗುವುದರ ಪರಿಣಾಮಗಳ ಮೇಲೆ 1851ರಲ್ಲಿ ಕೆಲವರೊಡನೆ ಸೇರಿ ಬ್ರಿಟಿಷ್ ವಿಜ್ಞಾನ ಸಂಘಕ್ಕೆ ಒಂದು ವರದಿಯನ್ನೊಪ್ಪಿಸಿದನು. ಹಂಬೋಲ್ಟನ ವಿಚಾರಗಳು ಅದಕ್ಕೆ ಆಧಾರಗಳಲ್ಲೊಂದು.

ಆಂಡೀಸ್ ಪರ್ವತಗಳ ಪ್ರಯಾಣವು 1801ರಲ್ಲಿ ಆರಂಭವಾಯಿತು. 1802ನೆಯ ಜೂನ್ 23ರಲ್ಲಿ ಹಂಬೋಲ್ಟನೂ ಬೋಂಪ್ಲಾನನೂ ಕಾರ್ಲೋಸ್ ಮೊಂಟೂಫಾರ್ ಎಂಬ ಕ್ವೀಟೋ ಪಟ್ಟಣದ ತರುಣನೂ ಚಿಂಬೊರಾಜೋ ಪರ್ವತವನ್ನು ಏರತೊಡಗಿದರು. ಅದರ ಎತ್ತರ 20,500 ಅಡಿಗೂ ಮೇಲೆ. ಜಗತ್ತಿನಲ್ಲಿ ಅದಕ್ಕಿಂತ ಎತ್ತರವಾದ ಪರ್ವತವಿಲ್ಲವೆಂದು ಆಗ ಯುರೋಪಿನವರು ತಿಳಿದಿದ್ದರು. ಹೊರೆಯಾಳುಗಳು ಹಿಮದ ಅಂಚಿನಲ್ಲಿಯೇ ಹಿಂದಿರುಗಿದರು. ಒಂದು ಗೇಣಗಲದ ಏಣಿನ ಮೇಲೆ, ಕೆಲವೆಡೆ ಕೈಕಾಲುಗಳನ್ನೂರಿ, ಮಂಜಿನಲ್ಲಿ ಮುಂದೇನಿದೆಯೆಂದು ಕಾಣದೆ ಅವರು ನಡೆದರು. ಉಸಿರು ಕಟ್ಟಿತು, ಒಸಡುಗಳಿಂದ ರಕ್ತವೊಸರಿತು. ಹೀಗಿದ್ದರೂ ಆತನು ಅಲ್ಲಲ್ಲಿ ನಿಂತು ಮರಗಟ್ಟಿದ ಕೈಗಳಿಂದ ವಾಯುಭಾರವನ್ನು ಅಳೆಯುವುದನ್ನು ಬಿಡಲಿಲ್ಲ. ಸುಮಾರು 19,000 ಅಡಿಗಳನ್ನು ಮೀರಿದ ಮೇಲೆ ಒಂದು ಆಳವಾದ ಕಂದರವು ಅಡ್ಡಬಂದುದರಿಂದ ತುದಿಯನ್ನು ಮುಟ್ಟದೆಯೇ ಇಳಿದರು. ಅಷ್ಟು ಎತ್ತರಕ್ಕೆ ಏರಿದ ದಾಖಲೆಯು ಅದುವರೆಗೆ ಯಾರದೂ ಇರಲಿಲ್ಲ.

ಆ ಪರ್ವತವನ್ನೇ ಮಾದರಿಯಾಗಿಟ್ಟುಕೊಂಡು ಆತನು ತನ್ನ ಪ್ರಸಿದ್ಧವಾದ ಚಿತ್ರವನ್ನು ಮರುವರ್ಷ ಗ್ವಾಯಾಕೀಲ್ ಎಂಬ ರೇವುಪಟ್ಟಣದಲ್ಲಿ ಬರೆಯತೊಡಗಿದನು. ಪರ್ವತವನ್ನು ಹಲಸಿನ ಹಣ್ಣಿನಂತೆ ಸೀಳಿ ಒಳಗಡೆಯಲ್ಲಿ ಗಿಡಗಳ ಹೆಸರುಗಳನ್ನು ತುಂಬಿದಂತೆ ಅದು ಕಾಣುತ್ತದೆ. ಎಲ್ಲಕ್ಕೂ ಕೆಳಗೆ ನೆಲದೊಳಗಿನ ಬೂಷ್ಟು ಅಣಬೆಗಳು (ಗಣಿಯ ಕಾಲವನ್ನು ಆತನು ಮರೆತಿರಲಿಲ್ಲ), ತಪ್ಪಲಿನಲ್ಲಿ ಬಾಳೆ ಮತ್ತು ತಾಳೆ, ಮೇಲೆ ಮರದಂತೆ ಬೆಳೆಯುವ ಜರಿಗಿಡಗಳೂ ಕ್ವಿನೈನನ್ನು ಕೊಡುವ ಸಿಂಕೋನವೂ, ಅದಕ್ಕೆ ಮೇಲೆ ಓಕ್, ಮತ್ತೂ ಮೇಲೆ ಕುರುಚಲು ಗಿಡಗಳು, ಹುಲ್ಲು, ಕಡೆಗೆ ಬಂಡೆಗೆ ಅಂಟಿಕೊಂಡ ಕಲ್ಲುಹೂವು, ಅನಂತರ ಹಿಮ. ಎರಡು ಬದಿಗಳಲ್ಲಿ ಆಯಾ ಎತ್ತರದ ಉಷ್ಣ, ಗಾಳಿಯ ತೇವ, ವಾಯುಭಾರ, ಅಲ್ಲಿ ಸಾಗುವಳಿಯಾಗುವ ಬೆಳೆಗಳು ಇವೆಲ್ಲವನ್ನೂ ಬರೆದಿದೆ. ಭೂಮಧ್ಯರೇಖೆಯಿಂದ ಧ್ರುವದ ಕಡೆಗೆ ಸಾವಿರಾರು ಮೈಲಿ ಹೋದರೆ ಕಾಣುವ ಮಾರ್ಪಾಡನ್ನು ಇಲ್ಲಿ ಕೆಲವು ಮೈಲಿ ಮೇಲಕ್ಕೆ ಹತ್ತಿದರೆ ಕಾಣಬಹುದು. ಈ ಚಿತ್ರವು ಸಸ್ಯಗಳ ಭೂಗೋಳವೆಂಬ ಪ್ರಬಂಧದೊಡನೆ 1807ರಲ್ಲಿ ಪ್ರಕಟವಾಯಿತು. 1860ರಲ್ಲಿ ಸಿಂಕೋನದ ಸಸಿಗಳನ್ನು ಆಂಡೀಸಿನಿಂದ ಭರತಖಂಡಕ್ಕೆ ತಂದಾಗ ನೀಲಗಿರಿಯ ಮೇಲೆ ನೆಟ್ಟರಲ್ಲದೆ ಬಯಲುಸೀಮೆಯಲ್ಲಲ್ಲ. ಹುಟ್ಟೂರಿನ ತಂಪನ್ನೂ ತೇವವನ್ನೂ ಹೋಲುವ ಸ್ಥಳವನ್ನೇ ಹುಡುಕಬೇಕಾಯಿತು.

ಇಲ್ಲಿ ಆತನ ಒಂದು ಕುಂದನ್ನೂ ಮುಚ್ಚಿಡಲಾಗದು. ಪೋಪಯಾನ್ ಎಂಬ ಊರಿನ ಫ್ರಾನ್ಸಿಸ್ಕೋ ಹೋಸೇ ಡಿ ಕಾಲ್ದಾಸನೆಂಬ ಬಡ ವಿದ್ವಾಂಸನು, ಕುದಿಯುವ ನೀರಿನ ಉಷ್ಣದಿಂದ ಬೆಟ್ಟದ ಎತ್ತರವನ್ನು ಕಂಡುಹಿಡಿಯುವ ಉಪಾಯವನ್ನು ತಾನೇ ಕಲ್ಪಿಸಿಕೊಂಡು, ಆಂಡೀಸಿನಲ್ಲಿ ಯಾವ ಗಿಡ ಎಷ್ಟು ಎತ್ತರದಲ್ಲಿ ಬೆಳೆಯುವುದೆಂದು ಸ್ವತಂತ್ರವಾಗಿ ಗುರುತಿಸುತ್ತಿದ್ದನು. ಆತನು ಹಂಬೋಲ್ಟನ ಜತೆಯಲ್ಲಿ ಬರಲು ಬಹಳವಾಗಿ ಆಶಿಸಿದನು. ಹಂಬೋಲ್ಟನು ಆತನನ್ನು ಬಿಟ್ಟು ಮೊಂಟೂಫಾರನನ್ನು ಕರೆದುಕೊಂಡು ಹೋದನು. ಕಾಲ್ದಾಸನಿಗೆ ಆದ ನೋವನ್ನು ಓದುವಾಗ ನಮಗೂ ನೋವಾಗುತ್ತದೆ. 1816ರಲ್ಲಿ, ಸ್ವಾತಂತ್ರ್ಯಯುದ್ಧದಲ್ಲಿ ಸೇರಿದುದಕ್ಕಾಗಿ, ಸ್ಪೇನಿನವರು ಕಾಲ್ದಾಸನನ್ನೂ ಕೊಂದರು, ಮೊಂಟೂಫಾರನನ್ನೂ ಕೊಂದರು.

ಆಂಡೀಸಿನಿಂದಿಳಿದು ಪೆರು ದೇಶದ ಕರಾವಳಿಗೆ ಬಂದಾಗ ಮತ್ತೊಂದು ಒಗಟು ಕಾದಿತ್ತು. ಲೀಮಾ ಪಟ್ಟಣವು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ 12 ಡಿಗ್ರಿಯಲ್ಲಿದೆ; ಉತ್ತರಕ್ಕೆ ನಮ್ಮ ಮಂಗಳೂರು ಇರುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ, ಅದೂ ಸಮುದ್ರದ ಪಕ್ಕದಲ್ಲಿಯೇ. ಮಂಗಳೂರಿನಲ್ಲಿ ವರುಷಕ್ಕೆ 120 ಅಂಗುಲಗಳಿಗೂ ಮಿಕ್ಕಿ ಮಳೆ ಬೀಳುತ್ತದೆ. ಲೀಮಾದಲ್ಲಿ ಒಂದು ಅಂಗುಲವೂ ಬೀಳುವುದಿಲ್ಲ. ಹಂಬೋಲ್ಟನು ಉಷ್ಣಮಾಪಕವನ್ನು ಸಮುದ್ರದಲ್ಲಿ ಮುಳುಗಿಸಿ ನೋಡಿದನು. ಉಷ್ಣವಲಯದ ಆ ನೀರು ಕೇವಲ 16 ಡಿಗ್ರಿಗಳಷ್ಟಿತ್ತು. ದಕ್ಷಿಣದಿಂದ ಬರುವ ತಣ್ಣನೆಯ ಪ್ರವಾಹವು ತನ್ನ ಮೇಲಣ ಗಾಳಿಯನ್ನು ತಣ್ಣಗಾಗಿಸುವುದರಿಂದ ಆ ಗಾಳಿಯು ಮೇಲಕ್ಕೇರಿ ಮಳೆಮೋಡವಾಗುವುದಿಲ್ಲ, ಮಂಜಾಗಿ ನಿಲ್ಲುತ್ತದೆ. ಆ ಮಂಜಿನ ಪಸೆಯಿಂದಲೇ ಅಲ್ಲಿಯ ಗುಡ್ಡಗಳು ಕೆಲವು ತಿಂಗಳು ಹಸುರಾಗಿ ಹೂಬಿಟ್ಟು ಮತ್ತೆ ಮರಳಾಗುತ್ತವೆ. ಆ ಪ್ರವಾಹಕ್ಕೆ ತರುವಾಯದವರು ಹಂಬೋಲ್ಟನ ಹೆಸರನ್ನಿಟ್ಟರು. ಅದು ಆತನಿಗೆ ಸರಿಬೀಳಲಿಲ್ಲ. ಅಲ್ಲಿಯ ಬೆಸ್ತರ ಮಕ್ಕಳಿಗೂ ಮುನ್ನೂರು ವರ್ಷಗಳಿಂದ ಗೊತ್ತಿದ್ದ ಸಂಗತಿಯದೆಂದೂ, ತಾನು ಅದರ ಉಷ್ಣವನ್ನು ಅಳೆದನಷ್ಟೆಯೆಂದೂ ಆತನ ಅಭಿಪ್ರಾಯವಾಗಿತ್ತು.

1804ರಲ್ಲಿ ಯುರೋಪಿಗೆ ಮರಳಿದಾಗ ಅವರೊಡನೆ ಸುಮಾರು 60,000 ಒಣಗಿಸಿದ ಗಿಡದ ಮಾದರಿಗಳಿದ್ದವು. ಪ್ಯಾರಿಸಿನಲ್ಲಿ 20 ವರ್ಷಗಳಿಗಿಂತ ಹೆಚ್ಚು ಕಾಲ ಕುಳಿತು ಪುಸ್ತಕಗಳನ್ನು ಬರೆದನು. ಚಿತ್ರಗಳ ಅಚ್ಚಿಗೂ ಮುದ್ರಣಕ್ಕೂ ತಾಯಿಯ ಆಸ್ತಿಯೆಲ್ಲಾ ಕರಗಿತು. ಸಮೋಷ್ಣ ರೇಖೆಗಳ ವಿಚಾರವು ಈ ಕಾಲದ್ದೇ. ಒಂದೇ ಅಕ್ಷಾಂಶದಲ್ಲಿದ್ದರೂ ಇಂಗ್ಲೆಂಡು ಹಸುರಾಗಿಯೂ ಲಾಬ್ರಡಾರ್ ಹೆಪ್ಪುಗಟ್ಟಿಯೂ ಇರುವುದೇಕೆಂಬುದು ಆ ಬಾಗಿದ ಗೆರೆಗಳಿಂದ ಕಣ್ಣಿಗೆ ಕಟ್ಟಿತು. ಹಿಮಾಲಯವನ್ನು ನೋಡಬೇಕೆಂಬ ಆಶೆಯು ಆತನಿಗೆ ಬಹಳವಿತ್ತು. 1814ರಿಂದ 1818ರೊಳಗೆ ಲಂಡನ್ನಿಗೆ ಹಲವು ಸಲ ಹೋಗಿ ಪ್ರಯತ್ನಪಟ್ಟರೂ ಈಸ್ಟ್ ಇಂಡಿಯಾ ಕಂಪನಿಯವರ ಅಪ್ಪಣೆಯು ದೊರೆಯಲಿಲ್ಲ. ಸ್ಪೇನಿನವರ ವಸಾಹತುಗಳ ಅನ್ಯಾಯವನ್ನೂ ಗುಲಾಮರ ಪಾಡನ್ನೂ ನಿರ್ದಾಕ್ಷಿಣ್ಯವಾಗಿ ಬರೆದವನನ್ನು ತಮ್ಮ ಸೀಮೆಯೊಳಕ್ಕೆ ಬಿಟ್ಟುಕೊಳ್ಳಲು ಅವರಿಗೆ ಮನಸ್ಸಾಗದಿರುವುದು ಆಶ್ಚರ್ಯವಲ್ಲ. ಕಾಣದೆಯೇ ಇತರರ ಅಳತೆಗಳಿಂದ ಆತನು ಹಿಮಾಲಯದ ವಿಷಯವಾಗಿ ಒಂದು ಮುಖ್ಯವಾದ ಮಾತನ್ನು ವಿವರಿಸಿದನು. ಉತ್ತರದ ಟಿಬೆಟ್ಟಿನ ಮಗ್ಗುಲು ಹೆಚ್ಚು ಚಳಿಯದಾದ್ದರಿಂದ ಅಲ್ಲಿ ಹಿಮವು ಇನ್ನೂ ಕೆಳಗಿನವರೆಗೆ ನಿಲ್ಲಬೇಕೆಂದು ಯಾರಿಗಾದರೂ ತೋರುವುದು. ನಿಜವಾಗಿ ಹಿಮದ ಅಂಚು ಅಲ್ಲಿಯೇ ಹೆಚ್ಚು ಎತ್ತರದಲ್ಲಿದೆ, ಏಕೆಂದರೆ ಮಳೆಗಾಳಿಯು ತನ್ನ ತೇವವನ್ನು ದಕ್ಷಿಣದ ಮಗ್ಗುಲಲ್ಲಿಯೇ ಸುರಿಸಿಬಿಡುತ್ತದೆ. ಆಗುಂಬೆಯ ಘಟ್ಟವನ್ನು ಹತ್ತಿ ಚಿತ್ರದುರ್ಗದವರೆಗೆ ಹೋದವರಿಗೆ, ಕಾಡು ಕುರುಚಲಾಗಿ ಕುರುಚಲು ಹುಲ್ಲಾಗುವುದನ್ನು ಕಂಡವರಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1827ರಲ್ಲಿ ಹಣವಿಲ್ಲದೆ, ಪ್ರಷ್ಯಾದ ಅರಸನ ಆಸ್ಥಾನವನ್ನು ಸೇರಲು ಆತನು ಬರ್ಲಿನ್ನಿಗೆ ಹಿಂದಿರುಗಿದನು. ಆ ಚಳಿಗಾಲದಲ್ಲಿ ಸಂಗೀತಶಾಲೆಯ ದೊಡ್ಡ ಸಭಾಂಗಣದಲ್ಲಿ ಪ್ರಕೃತಿಯ ವಿಷಯವಾಗಿ ಉಪನ್ಯಾಸಗಳನ್ನು ಕೊಟ್ಟನು. ಪ್ರವೇಶಕ್ಕೆ ಶುಲ್ಕವಿರಲಿಲ್ಲ. ಅರಸುಮನೆಯವರ ಪಕ್ಕದಲ್ಲಿ ಕಸುಬುದಾರರು ಕುಳಿತರು. ಸ್ತ್ರೀಯರು ನೂರಾರು ಮಂದಿ ಬಂದರು. ಇವರಿಗೆ ಏನು ತಿಳಿದೀತೆಂದು ಹಾಸ್ಯಮಾಡಿದ ಗಂಡಸರು ಇಲ್ಲದಿರಲಿಲ್ಲ. ಹಂಬೋಲ್ಟನು ಉಪನ್ಯಾಸವನ್ನು ಅವರಿಗಾಗಿ ಕಿರಿದುಮಾಡಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಪ್ರಷ್ಯಾದ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1908ರಲ್ಲಿ, ಅಂದರೆ ಇದಾದ 80 ವರ್ಷಗಳ ಮೇಲೆ, ಎಂಬುದನ್ನು ನೆನೆದರೆ ಆ ಸಂಜೆಗಳಿಗೆ ಎಷ್ಟು ಬೆಲೆಯಿತ್ತೆಂಬುದು ನಮ್ಮ ಶಾಲೆಯವರಿಗೆ ತಿಳಿಯುವುದು.

1829ರಲ್ಲಿ, 60ನೆಯ ವಯಸ್ಸಿನಲ್ಲಿ, ರಷ್ಯದ ಚಕ್ರವರ್ತಿಯ ಖರ್ಚಿನಿಂದ ಸೈಬೀರಿಯಾ ಪ್ರಯಾಣ. ಮರಳುವ ದಾರಿಯಲ್ಲಿ ವೋಲ್ಗಾ ನದಿಯ ಮುಖದ ಆಸ್ತ್ರಖಾನಿನಲ್ಲಿ ತಿಂದಂಥ ದ್ರಾಕ್ಷೆಯನ್ನು ಸ್ಪೇನಿನಲ್ಲಿಯೂ ಕಂಡಿಲ್ಲವೆಂದು ಆತನಿಗೆ ತೋರಿತು. ಅಲ್ಲಿಯ ಚಳಿಗಾಲದಲ್ಲಾದರೋ ಉಷ್ಣವು ಸೊನ್ನೆಯಿಂದ 25 ಡಿಗ್ರಿಗಳಷ್ಟು ಕೆಳಗಿಳಿಯುವುದುಂಟು. ಐರ್ಲೆಂಡಿನ ಕರಾವಳಿಯಲ್ಲಿ ಚಳಿಯು ಎಷ್ಟು ಸೌಮ್ಯವೆಂದರೆ ಪೋರ್ಚುಗಲ್ಲಿನ ಮರ್ಟಲ್ ಗಿಡವು ಬಯಲಿನಲ್ಲಿಯೇ ಹೂಬಿಡುತ್ತದೆ. ಆದರೂ ಅಲ್ಲಿ ದ್ರಾಕ್ಷೆ ಹಣ್ಣಾಗುವುದಿಲ್ಲ. ವರುಷದ ಸರಾಸರಿಯನ್ನು ಕೇಳಿ ಗಿಡವು ಬದುಕುವುದಿಲ್ಲ. ದ್ರಾಕ್ಷೆಗೆ ಬೇಕಾದುದು ಹಣ್ಣಾಗುವ ತಿಂಗಳುಗಳ ಬಿಸಿಲು; ಮರ್ಟಲ್ಲಿಗೆ ಬೇಕಾದುದು ಹೆಪ್ಪುಗಟ್ಟದ ಚಳಿಗಾಲ. ಈ ವಿವೇಚನೆಯನ್ನೇ ಮುಂದುವರಿಸಿ, ತಿಂಗಳು ತಿಂಗಳಿನ ಉಷ್ಣವನ್ನೂ ಮಳೆಯನ್ನೂ ಕೂಡಿಸಿ, ವ್ಲಾಡಿಮಿರ್ ಕೊಪ್ಪೆನ್ ಎಂಬಾತನು 1900ರಲ್ಲಿ ಲೋಕದ ಹವಾಗುಣಗಳನ್ನು ಅಲ್ಲಲ್ಲಿಯ ಗಿಡಮರಗಳಿಗೆ ಅನುಸಾರವಾಗಿ ವಿಂಗಡಿಸಿದನು. ಈಗಿನ ಭೂಗೋಳದ ಪಠ್ಯಗಳಲ್ಲಿರುವುದು ಆ ವಿಂಗಡಣೆಯ ತಿದ್ದಿದ ರೂಪ.

ಚಿಂಬೊರಾಜೋ ಚಿತ್ರದ ಕಥೆ ಅಲ್ಲಿಗೇ ಮುಗಿಯಲಿಲ್ಲ. 2012ರಲ್ಲಿ ಸಂಶೋಧಕರು ಅದನ್ನು ಕೈಯಲ್ಲಿ ಹಿಡಿದು ಮತ್ತೆ ಪರ್ವತವನ್ನೇರಿ, ಗಿಡಗಳ ಅಂಚು 1,600 ಅಡಿಗಳಿಗಿಂತಲೂ ಹೆಚ್ಚು ಮೇಲಕ್ಕೇರಿದೆಯೆಂದು 2015ರಲ್ಲಿ ಪ್ರಕಟಿಸಿದರು. ಆತನ ಹಳೆಯ ಟಿಪ್ಪಣಿಗಳನ್ನು ಶೋಧಿಸಿದ ಬೇರೆಯವರು 2019ರಲ್ಲಿ ಅದನ್ನು ತಿದ್ದಿದರು: ಚಿತ್ರದ ಮೇಲ್ಭಾಗದ ಗಿಡಗಳಲ್ಲಿ ಬಹಳವು ನೆರೆಯ ಆಂಟಿಸಾನಾ ಪರ್ವತದಲ್ಲಿ ದೊರೆತವು, ಅಲ್ಲಿ ಅಳೆದು ನೋಡಿದರೆ ಏರಿಕೆಯು ಸುಮಾರು 700ರಿಂದ 870 ಅಡಿ. ಲೆಕ್ಕವು ತಗ್ಗಿತಾದರೂ ಗಿಡಗಳು ಏರಿರುವುದು ನಿಜ. ಭೂಮಿಯ ಉಷ್ಣವು ಹೆಚ್ಚುತ್ತಿರುವುದರಿಂದ ಅವು ತಮಗೆ ಒಗ್ಗಿದ ತಂಪನ್ನು ಹುಡುಕಿಕೊಂಡು ಮೇಲಕ್ಕೆ ಹೋಗುತ್ತಿವೆ. ಆತನು ಎತ್ತರವನ್ನು ಬರೆದಿಡದಿದ್ದರೆ ಇದನ್ನು ಹೋಲಿಸಿ ನೋಡುವುದು ಸಾಧ್ಯವೇ ಆಗುತ್ತಿರಲಿಲ್ಲ.

ಬೋಂಪ್ಲಾನನು ಮತ್ತೆ ದಕ್ಷಿಣ ಅಮೇರಿಕಾಕ್ಕೆ ಹೋದನು. 1821ರಲ್ಲಿ ಪರಾಗ್ವೇ ದೇಶದ ಸರ್ವಾಧಿಕಾರಿಯು ಅವನನ್ನು ಹಿಡಿದು 1829ರವರೆಗೆ ಸೆರೆಯಲ್ಲಿಟ್ಟನು. ಹಂಬೋಲ್ಟನು ಬಿಡುಗಡೆಗಾಗಿ ಅರಸರಿಗೂ ಮಂತ್ರಿಗಳಿಗೂ ಬರೆದದ್ದು ಫಲಿಸಲಿಲ್ಲ. ಬಿಡುಗಡೆಯಾದ ಮೇಲೂ ಯುರೋಪಿಗೆ ಬಾರದೆ ಬೋಂಪ್ಲಾನನು 1858ರಲ್ಲಿ ಅಲ್ಲಿಯೇ ತೀರಿಕೊಂಡನು. ಹಂಬೋಲ್ಟನು ಮುಪ್ಪಿನಲ್ಲಿ ಕಾಸ್ಮಾಸ್ ಎಂಬ ದೊಡ್ಡ ಗ್ರಂಥಕ್ಕೆ ಕೈಹಚ್ಚಿ, ಮೊದಲನೆಯ ಸಂಪುಟವನ್ನು 1845ರಲ್ಲಿ ಹೊರಡಿಸಿದನು. ಮದುವೆಯಾಗಿರಲಿಲ್ಲ; ಸೈಬೀರಿಯಾಕ್ಕೂ ಜತೆಯಲ್ಲಿ ಬಂದಿದ್ದ ಸೈಫರ್ಟ್ ಎಂಬ ಸೇವಕನೇ ಮನೆಯನ್ನು ನೋಡಿಕೊಳ್ಳುತ್ತಿದ್ದನು. ತನ್ನ ಪುಸ್ತಕಗಳನ್ನೂ ಸಾಮಾನುಗಳನ್ನೂ ಆ ಸೇವಕನಿಗೇ ಬರೆದುಕೊಟ್ಟು, ಐದನೆಯ ಸಂಪುಟವು ಮುಗಿಯುವ ಮೊದಲೇ, 1859ನೆಯ ಮೇ 6ರಲ್ಲಿ ತನ್ನ 89ನೆಯ ವಯಸ್ಸಿನಲ್ಲಿ ಕಾಲವಾದನು. ಬಾಲ್ಯದಲ್ಲಿ ಗಿಡಗಳನ್ನು ಆರಿಸುತ್ತಿದ್ದ ಟೇಗಲ್ಲಿನ ತೋಪಿನಲ್ಲಿಯೇ ಆತನನ್ನು ಮಣ್ಣುಮಾಡಿದರು.

ಆತನು ಬರ್ಲಿನ್ನಿನ ತನ್ನ ಗೆಳೆಯ ವಿಲ್ಡೆನೋವನಿಗೆ ಕೊಟ್ಟ ಒಣಗಿದ ಗಿಡಗಳು ಅಲ್ಲಿಯ ಸಸ್ಯಸಂಗ್ರಹಾಲಯದಲ್ಲಿದ್ದವು. 1943ನೆಯ ಮಾರ್ಚ್ ತಿಂಗಳಲ್ಲಿ ಬಾಂಬುಗಳು ಬಿದ್ದು ಆ ಕಟ್ಟಡವೂ ಅದರೊಳಗಿನ ಲಕ್ಷಾಂತರ ಗಿಡಗಳೂ ಸುಟ್ಟುಹೋದವು. ವಿಲ್ಡೆನೋವನ ಸಂಗ್ರಹವನ್ನು ಮೊದಲೇ ಬೇರೆಡೆಯಲ್ಲಿ ಭದ್ರಪಡಿಸಿದ್ದುದರಿಂದ ಒರಿನೋಕೋವಿನ ತೇವಕ್ಕೂ ಹುಳುಗಳಿಗೂ ತಪ್ಪಿಸಿಕೊಂಡು ಬಂದಿದ್ದ ಆ ಹಾಳೆಗಳು ಬೆಂಕಿಗೂ ತಪ್ಪಿಸಿಕೊಂಡವು.